ಗುರುತಿಲ್ಲದ ಕೆರೆಗೆ ಇಳಿದ ಅಣ್ಣ

ಪಕ್ಕದ ಮನೆ ಅಣ್ಣ ನೀರಿನಲ್ಲಿ ಮುಳುಗಿ ಸತ್ತ ಅಂತ ಊರು ಹೇಳುತ್ತದೆ. ಸುಳ್ಳಲ್ಲ. ಆದರೆ ಅವನನ್ನು ಗುರುತಿಲ್ಲದ ನೀರಿಗೆ ಅಟ್ಟಿದ್ದು ನನ್ನ ಸಹಿ.

ನಿನ್ನೆ ಹೆಂಚು ಕೈಯಾಡಿಸಲು ಬಂದವರು ಅಟ್ಟದಿಂದ ಒಂದು ಕೂಣಿ ಕೆಳಗೆ ಹಾಕಿದರು. ಬಿದಿರು ಸೀಳಿ ಹೆಣೆದ, ಬುಡ ಅಗಲ, ಬಾಯಿ ಕಿರಿದಾದ, ತಳವಿಲ್ಲದ ಬುಟ್ಟಿ. ಅದನ್ನು ಕೆಸರಿಗೆ ಒತ್ತಿ, ಒಳಗೆ ಸಿಕ್ಕಿಬಿದ್ದ ಮೀನನ್ನು ಮೇಲಿನಿಂದ ಕೈ ಹಾಕಿ ಹಿಡಿಯುವುದು. ಇಷ್ಟು ವರ್ಷವಾದರೂ ಕೆಸರಿನ ವಾಸನೆ ಹೋಗಿರಲಿಲ್ಲ...

"ಒಲೆಗೆ ಹಾಕ್ಲೇನತ್ತೆ?" ಅಂದಳು ಸೊಸೆ, ಮೂಗು ಮುಚ್ಚಿಕೊಂಡು.

"ಮೊದ್ಲು ನಿನ್ನ ಹಾಕ್ತೀನಿ" ಅಂದೆ.

ಊರಿಗೆಲ್ಲ ಕೂಣಿ ಹೆಣೆಯುತ್ತಿದ್ದವನು ಆ ಅಣ್ಣ. ಬ್ಯಾಸಿಗೆಯಲ್ಲಿ ಕೆರೆ ನೀರು ಮೊಣಕಾಲಿಗೆ ಇಳಿದಾಗ ಒಂದು ದಿನ ಗೊತ್ತು ಮಾಡಿ ಊರ ಗಂಡಸರೆಲ್ಲ ಒಟ್ಟಿಗೆ ಇಳಿಯುತ್ತಿದ್ದರು. ಕೆರೆಬೇಟೆ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಂದೇ ಕಟ್ಟಳೆ: ಗಂಡಸಿಲ್ಲದ ಮನೆಯ ಕೂಣಿ ಮೊದಲು ಕೆಸರು ಮುಟ್ಟಬೇಕು. ನನ್ನ ಗಂಡ ಸತ್ತ ವರ್ಷದಿಂದ ಅಣ್ಣ ಎರಡು ಕೂಣಿ ಹೊತ್ತು ಹೋಗುತ್ತಿದ್ದ. ನಮ್ಮದನ್ನು ಒತ್ತಿ, ಸಿಕ್ಕಿದ್ದನ್ನು ಕೆರೆ ಏರಿಯ ಮೇಲೆ ನಿಂತ ನನ್ನ ಸೆರಗಿಗೆ ಎಸೆದ ಮೇಲೇ ಉಳಿದವರು ನುಗ್ಗುವುದು. ಕಲ್ಲು ಎಲ್ಲಿ, ಗುಂಡಿ ಎಲ್ಲಿ ಎಂಬುದು ಅವನ ಕಾಲಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಬಿಟ್ಟರೂ ಆಚೆ ದಂಡೆಗೆ ಬರುತ್ತಿದ್ದ.

ಆಮೇಲೆ ನಾನು ಪಂಚಾಯ್ತಿ ಮೆಂಬರ್ ಆದೆ. ಹೆಂಗಸರ ಸೀಟು ಬಂದಿತ್ತು, ನಿಲ್ಲಿಸಿದರು, ಗೆದ್ದೆ. ಒಂದು ಮೀಟಿಂಗಿನಲ್ಲಿ ಕಾರ್ಯದರ್ಶಿ ಕಾಗದ ತಂದು, "ಕೆರೆ ಅಭಿವೃದ್ಧಿದು ಐತ್ರವ್ವ, ಇಲ್ಲಿ ಹಾಕ್ರಿ" ಅಂದ. ನನಗೆ ನನ್ನ ಹೆಸರು ಬರೆಯಲು ಬರುತ್ತಿತ್ತು, ಬೇರೆ ಏನೂ ಓದಲು ಬರುತ್ತಿರಲಿಲ್ಲ. ಉಳಿದಿಬ್ಬರು ಹೆಂಗಸರು ಹೆಬ್ಬೆಟ್ಟು ಒತ್ತಿದರು. ನಾನು ಪೆನ್ನು ಹಿಡಿದು ದುಂಡಗೆ ಬರೆದೆ. ಓದಿ ಹೇಳ್ರಿ ಅಂದಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತಲ್ಲ, ಅದಕ್ಕೇ ಕೇಳಲಿಲ್ಲ.

ಆ ಬ್ಯಾಸಿಗೆ ಬೇಟೆಗೆ ಹೋದರೆ ಏರಿ ಮೇಲೆ ಬೋರ್ಡು. ಕಾವಲಿಗೆ ಒಬ್ಬ ಆಳು.

"ಕೆರೆ ಗುತ್ತಿಗೆ ಆಗೈತೆ. ಮೀನು ಗುತ್ತಿಗೆದಾರ್ರದು" ಅಂದ ಅವನು.

"ನೀರು?" ಅಂದ ಅಣ್ಣ.

"ನೀರು ಊರಿಂದು."

"ಹಂಗಾರೆ ನಿಮ್ಮ ಮೀನು ಹೊರಗೆ ಕರ್ಕಳ್ರಪ್ಪ, ನಮ್ಮ ನೀರಾಗ್ಯಾಕೆ ಬಿಟ್ಟೀರಿ?"

ಎಲ್ಲರೂ ನಕ್ಕರು. ಕಾವಲಿನವನು ನಗಲಿಲ್ಲ. ಪಂಚಾಯ್ತಿ ಠರಾವಿನ ಜೆರಾಕ್ಸ್ ತೆಗೆದು ಸಹಿ ಹಾಕಿದವರ ಹೆಸರು ಒಂದೊಂದೇ ಓದಿದ. ನನ್ನ ಹೆಸರು ಬಂದಾಗ ನಗು ನಿಂತಿತು.

ಅಣ್ಣ ಆ ಕಾಗದ ಇಸಕೊಂಡು ನನ್ನ ಹತ್ತಿರ ಬಂದ. "ಇದು ನಿನ್ ಕೈಬರಹನೇನು ತಂಗಿ?"

"ಹೂಂ ಅಣ್ಣ."

"ಚೆಂದ ಬರ್ದೀಯ" ಅಂದ.

ಅಷ್ಟೇ. ಮನೆಗೆ ಬಂದು ನಮ್ಮ ಕೂಣಿಯನ್ನು ನಮ್ಮ ಜಗಲಿ ಮೇಲಿಟ್ಟು ಹೋದ.

ಸಂತೇಬೆನ್ನೂರು ಕಡೆ ಒಂದು ಕೆರೆ ಇನ್ನೂ ಗುತ್ತಿಗೆ ಆಗಿಲ್ಲ ಅಂತ ಯಾರೋ ಹೇಳಿದರಂತೆ. ಎಂಟು ದಿನಕ್ಕೆ ತನ್ನ ಕೂಣಿ ಹೊತ್ತು ಬಸ್ಸು ಹತ್ತಿದ. ಆ ಕೆರೆಯಲ್ಲಿ ಜೇಸೀಬಿ ಹಚ್ಚಿ ಮಣ್ಣು ತೆಗೆದಿದ್ದರು. ಮೇಲೆ ಮೊಣಕಾಲುದ್ದ ನೀರು, ಮುಂದೆ ಒಂದು ಹೆಜ್ಜೆ ಇಟ್ಟರೆ ಎರಡಾಳು ಗುಂಡಿ. ಅಲ್ಲಿಯ ತಳ ಅವನ ಕಾಲಿಗೆ ಗೊತ್ತಿರಲಿಲ್ಲ... ಟ್ರ್ಯಾಕ್ಟರಿನಲ್ಲಿ ತಂದರು. ಅತ್ತಿಗೆ ನನ್ನನ್ನು ಬೈಯಲಿಲ್ಲ. ಆದರೆ ಸಾಯುವವರೆಗೂ ನಮ್ಮ ಬಾವಿಯಲ್ಲಿ ನೀರು ಸೇದಲಿಲ್ಲ.

ಅದಾದ ಮೇಲೆ ಮೊಮ್ಮಗಳ ಪುಸ್ತಕ ಹಿಡಿದು ಓದು ಕಲಿತೆ. ಯಾರಿಗೂ ಉಪಯೋಗ ಆಗಲಿಲ್ಲ. ಕೆರೆಬೇಟೆಯೂ ಮತ್ತೆ ಆಗಲಿಲ್ಲ.

ನಿನ್ನೆ ಸಂಜೆ ಸೊಸೆ ಮೊಬೈಲು ನೋಡಿ ಹೇಳಿದಳು, ಒಂದು ದೇಶದಲ್ಲಿ ಪರವಾನಗಿ ಚೀಟಿ ಮಾಡಿಸಿದರೆ ಯಾರು ಬೇಕಾದರೂ ಹೊಳೆಗೆ ಗಾಳ ಹಾಕಬಹುದಂತೆ. ಇನ್ನೊಂದು ದೇಶದಲ್ಲಿ ದಂಡೆ ಯಾರದೋ ಮೀನು ಹಿಡಿಯೋ ಹಕ್ಕೂ ಅವರದೇ ಅಂತೆ. "ನಮ್ಮಲ್ಲಿ ಹೆಂಗತ್ತೆ?"

"ನಮ್ಮಲ್ಲಿ ನನ್ನ ಸಹಿ ಐತೆ" ಅಂದೆ.

ಇವತ್ತು ಬೆಳಿಗ್ಗೆ ಎದ್ದವಳೇ ಕೂಣಿ ಹೊತ್ತು ಕೆರೆಗೆ ಹೋದೆ. ಈಗಿನ ಕಾವಲಿನವನು ಏರಿ ಮೇಲಿಂದ ಕೂಗಿದ, "ಅಜ್ಜೀ, ಇಳೀಬ್ಯಾಡ್ರೀ!" ಸೀರೆ ಎತ್ತಿ ಕಟ್ಟಿ ಇಳಿದೆ. ಮೊಣಕಾಲು ನೀರಲ್ಲಿ ನಿಂತು ಮೂರು ಸಲ ಒತ್ತಿದೆ. ಕೈ ಹಾಕಿದರೆ ಬರೀ ಕೆಸರು.

ದಂಡೆಗೆ ಬಂದಾಗ ಅವನು ಪುಸ್ತಕದಲ್ಲಿ ಏನೋ ಬರೆದು ಮುಂದೆ ಹಿಡಿದ. "ಇಲ್ಲೊಂದು ಹೆಬ್ಬೆಟ್ಟು ಒತ್ರಿ ಅಜ್ಜಿ. ನಮಗೂ ಮ್ಯಾಲಿನೋರು ಕೇಳ್ತಾರೆ."

"ಕೊಡು ಇಲ್ಲಿ."

ಕೈ ಸೀರೆಗೆ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಅಪ್ಪಣೆ ಇಲ್ಲದೆ ಕೆರೆಗೆ ಇಳಿದಿದ್ದೇನೆ, ಮೀನು ಹಿಡಿಯುವ ಬುಟ್ಟಿ ಒಪ್ಪಿಸಿದ್ದೇನೆ ಅಂತ ಇತ್ತು. ಮತ್ತೊಂದು ಸಲ ಓದಿದೆ. ಬೇರೆ ಏನೂ ಇರಲಿಲ್ಲ.

ಸಹಿ ಹಾಕಿದೆ. ಕೂಣಿ ಅವನ ಕಾಲ ಬುಡದಲ್ಲಿಟ್ಟು ಮನೆಗೆ ಬಂದೆ.