ನಾಗವ್ವ ಕನ್ನಡದಲ್ಲಿ ಕೇಳಿಕೊಂಡದ್ದು

ಪುಣೆಯ ನಿಗಡಿಯಲ್ಲಿರುವ ನಮ್ಮ ಕಟ್ಟಡದಲ್ಲಿ ಕನ್ನಡದವರ ಮನೆ ಎರಡೇ: ಎರಡನೆಯ ಮಹಡಿಯಲ್ಲಿ ನಾಗವ್ವನದು, ಅದರ ಗೋಡೆಗೆ ಅಂಟಿಕೊಂಡು ನನ್ನದು. ನಾನು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಹೆಸರು ರಾಧಾಬಾಯಿ, ಆದರೆ ನಾಗವ್ವನಿಗೆ ನಾನು ಮೊದಲಿನಿಂದಲೂ ‘ಬಾಯಾರು’, ಎಂದರೆ ಟೀಚರು. ಕನ್ನಡವನ್ನು ಮಕ್ಕಳಿಗೆ ಕಲಿಸುವುದು ನನ್ನ ಕೆಲಸವಾಗಿದ್ದರೆ, ಕನ್ನಡದಲ್ಲಿ ಮುಚ್ಚಿಡುವುದು ನಾಗವ್ವನ ಅಭ್ಯಾಸವಾಗಿತ್ತು. ಬಾಗಿಲ ಹೊರಗೆ ಕಾಲಿಟ್ಟರೆ ಅವಳದು ಅಚ್ಚ ಮರಾಠಿ. ಯಾರಿಗೂ ತಿಳಿಯಬಾರದ ಮಾತೊಂದಿದ್ದರೆ ಮಾತ್ರ ನಡುಬೀದಿಯಲ್ಲೂ ಕನ್ನಡ.

ಒಮ್ಮೆ ಸಂತೆಯಲ್ಲಿ ಬದನೆಕಾಯಿ ತೂಗುತ್ತಿದ್ದವನ ಎದುರಿಗೇ, “ಇಂವ ತಕ್ಕಡಿಗೆ ಬೆರಳ ಹಚ್ಚತಾನ್ರಿ ಬಾಯಾರ, ಕಣ್ಣಿಟ್ಟ ನೋಡ್ರಿ” ಎಂದಳು. ಆತ ತಲೆ ಎತ್ತದೆ, “ಕಣ್ಣಿಟ್ಟ ನೋಡವ್ವಾ, ನಾನೂ ಇಂಡಿ ಕಡೆಯಾವನ” ಎಂದ. ಅವತ್ತು ನಕ್ಕು ಮನೆಗೆ ಬಂದೆವು. ಪುಣೆಯಲ್ಲಿ ಕನ್ನಡ ಬಲ್ಲ ಕಿವಿಗಳು ಎಷ್ಟಿವೆ ಎಂದು ಅಂದೇ ಅವಳಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ನಾಗವ್ವ ಬೈಲಹೊಂಗಲದ ಕಡೆಯವಳು. ಗಂಡ ಸಿದ್ದಲಿಂಗಪ್ಪ ಇಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಎದೆನೋವೆಂದು ಮಲಗಿದವನು ಏಳಲಿಲ್ಲ. ನೀತಾ ಮತ್ತು ಶೀತಲ್ ಎಂಬ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅವಳು ರೊಟ್ಟಿಗೆ ಕೈ ಹಾಕಿದಳು. ಜೋಳದ ರೊಟ್ಟಿ, ಜುಣಕ, ಶೇಂಗಾ ಹಿಂಡಿ. ಕಾರ್ಖಾನೆಗಳಿಗೆ ಹೋಗುವ ನಮ್ಮ ಕಡೆಯ ಹುಡುಗರೆಲ್ಲ ಅವಳ ಬಾಗಿಲಿಗೆ ಬರುತ್ತಿದ್ದರು. “ಎವ್ವಾ, ರೊಟ್ಟಿ ಬಿಸಿ ಅದಾವಿಲ್ಲೋ?” ಎಂದು ಅವರು ಕೇಳುವುದು, “ನಿನ್ನ ಮದವ್ಯಾಗ ಮಾಡಿದ್ದಪಾ, ಆರಿ ಹೋಗ್ಯಾವ” ಎಂದು ಅವಳು ಗದರುವುದು ನನಗೆ ದಿನವೂ ಕೇಳುತ್ತಿತ್ತು.

ದೊಡ್ಡವಳು ನೀತಾಳಿಗೆ ಸಣ್ಣವಳಿದ್ದಾಗಿನಿಂದ ಫಿಟ್ಸ್. ದೊಡ್ಡ ಆಸ್ಪತ್ರೆಯ ಮಾತ್ರೆಗಳನ್ನು ಬದಲಿಸಿ ಬದಲಿಸಿ ಕೊಟ್ಟರೂ ನಿಲ್ಲದ ಜಾತಿಯವು. ಅದಕ್ಕೇ ಅವಳನ್ನು ಬೆಂಕಿಯ ಮುಂದೆ ಕೂಡಿಸುತ್ತಿರಲಿಲ್ಲ. ಹಿಟ್ಟು ನಾದಿ ರೊಟ್ಟಿ ಬಡಿಯುವುದು ನೀತಾ, ಹಂಚಿಗೆ ಹಾಕಿ ಬೇಯಿಸುವುದು ಅವ್ವ. ಬೆಳಗಾದರೆ ಗೋಡೆಯ ಆಚೆಯಿಂದ ಆ ಬಡಿಯುವ ಸದ್ದು ಬರುತ್ತಿತ್ತು. ನಡುವೆ ತಟ್ಟನೆ ನಿಂತರೆ ಕೈಯಲ್ಲಿದ್ದುದನ್ನು ಬಿಟ್ಟು ನಾನು ಓಡುತ್ತಿದ್ದೆ. ನಾಗವ್ವ ಮಗಳನ್ನು ಪಕ್ಕಕ್ಕೆ ಹೊರಳಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿರುತ್ತಿದ್ದಳು. ನಾನು ಹೋಗಿ ಮಾಡುವುದೇನೂ ಇರುತ್ತಿರಲಿಲ್ಲ, ಒಲೆ ಆರಿಸುವುದಷ್ಟೆ.

ಇದಕ್ಕೆ ವೈದ್ಯ ಮಂದಾರ ಒಂದು ಎಣ್ಣೆಯ ಹೆಸರು ಹೇಳಿದಾಗ ಜೊತೆಗೆ ನಾನೂ ಇದ್ದೆ. ಆತ ಆಯುರ್ವೇದ ಓದಿದ, ಸಮಾಧಾನದ ಹುಡುಗ. ವಿಜಯಾ ಎಂಬ ಗಿಡದ ಎಲೆಯಿಂದ ಮಾಡಿದ ಎಣ್ಣೆ ಎಂದ. ವಿಜಯಾ ಎಂದರೇನು ಎಂದು ನಾಗವ್ವ ನನ್ನ ಕಡೆ ತಿರುಗಿದಳು. ಭಂಗಿ, ಅದೇ ಗಾಂಜಾ ಗಿಡ ಎಂದೆ. ಅವಳ ಮುಖ ಇಳಿಯಿತು.

“ಭಂಗಿ ಸೇದಾವ್ರ ಮನಿಗೆ ನಮ್ಮವ್ರು ಹೆಣ್ಣ ಕೊಡೂದಿಲ್ರಿ ಬಾಯಾರ. ನಾ ಹೆತ್ತ ಮಗಳಿಗೇ ಕುಡಸಲೇನು?”

ಇದು ಸೇದುವ ವಸ್ತುವಲ್ಲ, ಅಳೆದು ಕೊಡುವ ಹನಿ ಎಂದು ಆತ ತಾಳ್ಮೆಯಿಂದ ಬಿಡಿಸಿ ಹೇಳಿದ. ಆಸ್ಪತ್ರೆಯ ಮಾತ್ರೆ ನಿಲ್ಲಿಸುವಂತಿಲ್ಲ, ಅಲ್ಲಿಯ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು, ಎಲ್ಲರಿಗೂ ಗುಣ ಕಾಣುತ್ತದೆಂದು ಹೇಳಲಾರೆ ಎಂದೂ ಹೇಳಿದ. ಡಾಕ್ಟರು ಒಪ್ಪಿದರು. ಫಿಟ್ಸ್ ಪೂರ್ತಿ ನಿಲ್ಲಲಿಲ್ಲ. ಆದರೆ ದಿನದ ಮಾತು ವಾರದ ಮಾತಾಯಿತು, ವಾರದ್ದು ತಿಂಗಳಿಗೆ ಹೋಯಿತು. ಆ ಚಳಿಗಾಲದಲ್ಲಿ ನೀತಾ ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ ಅವ್ವನಿಗೆ ಹಸಿರು ಬಳೆ ತಂದಳು. ಅವಳು ಬರುವತನಕ ನಾಗವ್ವ ಬಸ್‌ಸ್ಟಾಪಿನಲ್ಲಿ ನಿಂತೇ ಇದ್ದಳು. ಗಂಡ ಹೋದ ಮೇಲೆ ಬಳೆ ಬಿಟ್ಟವಳು, ಮಗಳು ತಂದದ್ದೆಂದು ಇಟ್ಟುಕೊಂಡು ಮನೆಮನೆಗೆ ತೋರಿಸಿದಳು. ಅಷ್ಟು ಸಂತೋಷ ಆ ಮನೆಯಲ್ಲಿ ನಾನು ಮತ್ತೆ ಕಾಣಲಿಲ್ಲ.

ಬೇಸಿಗೆಯಲ್ಲಿ ಎಣ್ಣೆ ಸಿಗದಾಯಿತು. ಊರಲ್ಲಿ ಎಲ್ಲಿಯೋ ಗಾಂಜಾ ಮಾರುವ ಪುಂಡರನ್ನು ಪೊಲೀಸರು ಹಿಡಿದರಂತೆ. ಅದಕ್ಕೂ ಔಷಧದ ಅಂಗಡಿಗೂ ಎತ್ತಣ ಸಂಬಂಧ? ಆದರೆ ಅಂಗಡಿಯವರು ಅಂಜಿದರು. ನಮಗೆ ಎಣ್ಣೆ ಕೊಡುತ್ತಿದ್ದ ಶ್ಯಾಮನೂ ಅಂಜಿದ. ಚೀಟಿ ಇದೆ, ವೈದ್ಯರ ಸಹಿ ಇದೆ ಎಂದರೆ, “ಮಾವಶಿ, ಕಾನೂನು ಬೇಡ ಅಂದಿಲ್ಲ. ಆದರೆ ನಾಳೆ ಯಾರಾದರೂ ಅಂಗಡಿ ಮುಂದೆ ಬಂದು ನಿಂತರೆ ಬಿಡಿಸುವವರು ಯಾರು?” ಎಂದ. ಸರಬರಾಜು ಮಾಡುವವರೇ ಕಳಿಸುತ್ತಿಲ್ಲ ಎಂದೂ ಸೇರಿಸಿದ. ಬೀದಿಯ ಮೂಲೆಯಲ್ಲಿ ನಶೆ ಏರಿಸಿಕೊಳ್ಳುವವರಿಗೆ ಅದು ಸಿಗುತ್ತಿತ್ತು, ಹಾಸಿಗೆಯಲ್ಲಿ ಒದ್ದಾಡುವವಳಿಗೆ ಸಿಗುತ್ತಿರಲಿಲ್ಲ. ಈ ಊರಿನ ನ್ಯಾಯಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಸೀಸೆ ಬರಿದಾಯಿತು, ಗೋಡೆಯಾಚೆಯ ಸದ್ದು ಮತ್ತೆ ನಡುನಡುವೆ ನಿಲ್ಲತೊಡಗಿತು.

ಟಿ.ವಿ.ಗೆ ಹೋಗುವ ಯೋಚನೆ ನನ್ನದು. ಶಿವಾಜಿನಗರದಲ್ಲಿ ಒಂದು ಸಣ್ಣ ಸ್ಥಳೀಯ ಕೇಬಲ್ ಚಾನೆಲ್ಲಿನ ಕಚೇರಿಯಿದೆ. ನಲ್ಲಿ, ಗಟಾರ, ಬೀದಿನಾಯಿಯ ಸುದ್ದಿ ತೋರಿಸುವವರು. ಅಲ್ಲಿಯ ವರದಿಗಾರ್ತಿ ಸಾಯಲಿ ಎಂಬ ಹುಡುಗಿ ನಮ್ಮ ಮಾತನ್ನು ಪೂರ್ತಿ ಕೇಳಿದಳು. ಸುದ್ದಿ ಮಾಡುತ್ತೇನೆ, ಆದರೆ ಯಾರೋ ಒಬ್ಬ ತಾಯಿ ಎಂದರೆ ಜನ ನಂಬುವುದಿಲ್ಲ, ನೀವೇ ಕ್ಯಾಮೆರಾ ಮುಂದೆ ಮಾತಾಡಬೇಕು ಎಂದಳು.

ನಾಗವ್ವ ಹಿಂಜರಿದಳು. ಶೀತಲಳಿಗೆ ಬೆಳಗಾವಿಯ ಒಂದು ಸಂಬಂಧ ಮಾತಾಗಿತ್ತು. ಅಕ್ಕನಿಗೆ ಫಿಟ್ಸ್ ಇರುವುದನ್ನು ಆ ಮನೆಯವರಿಗೆ ಇನ್ನೂ ಹೇಳಿರಲಿಲ್ಲ. ಫಿಟ್ಸೇ ಸಾಲದೆಂದು ಮೇಲೆ ಭಂಗಿಯ ಎಣ್ಣೆ ಬೇರೆ. ಬಹಳ ಹೊತ್ತು ಯೋಚಿಸಿ ಅವಳೇ ಒಂದು ದಾರಿ ಹುಡುಕಿದಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಕನ್ನಡದಲ್ಲಿ ಹೇಳುವುದು, ನಾನು ಮರಾಠಿ ಮಾಡಿ ಬರೆದುಕೊಡುವುದು, ಅವರು ಅದನ್ನು ಕೆಳಗೆ ಅಕ್ಷರದಲ್ಲಿ ತೋರಿಸುವುದು.

“ಮರಾಠಿಯೊಳಗ ಹೇಳಿದ್ರ ಓಣಿಯವ್ರೆಲ್ಲಾ ದನಿ ಗುರ್ತ ಹಿಡೀತಾರ್ರಿ. ಕನ್ನಡ ಯಾರಿಗೆ ತಿಳೀತದ ಇಲ್ಲೆ?” ಎಂದಳು.

ಸಾಯಲಿ ಒಪ್ಪಿದಳು. ನಾನೂ ಒಪ್ಪಿದೆ. ತಕ್ಕಡಿಯವನು ಆಗ ಇಬ್ಬರಿಗೂ ನೆನಪಾಗಲಿಲ್ಲ.

ಕನ್ನಡದ ಆ ಪರದೆಯ ಹಿಂದೆ ಕೂತ ನಾಗವ್ವ ನನಗೂ ಎಂದೂ ಹೇಳಿರದುದನ್ನು ಹೇಳಿದಳು. ಮೊದಲು ಎಣ್ಣೆ ಕೇಳಿದಳು. “ನಾವೇನ್ ಕದ್ದ ತರತೇವಿ ಅಂದಿಲ್ರಿ, ಡಾಕ್ಟರ್ ಚೀಟಿ ಅದ. ಕಿರಾಣಿ ಸಾಮಾನು ಸಿಕ್ಕಂಗ ಸಿಗಬೇಕಂತಲೂ ಇಲ್ಲ. ಬರೇ ಸಿಗಲಿ” ಎಂದಳು. ಆಮೇಲೆ ಯಾರೂ ಕೇಳದಿದ್ದರೂ ಮುಂದುವರಿದಳು.

“ಒಮ್ಮೊಮ್ಮೆ ದೇವರಿಗೆ ಕೈ ಮುಗದ ಕೇಳತೇನಿ, ನನಗಿಂತ ಮೊದಲ ಆಕಿನ್ನ ಕರಕೋಪಾ ಅಂತ. ನಾ ಮೊದಲ ಹೋದ್ರ ಆಕಿನ್ನ ಹಿಡಿಯಾವ್ರ ಯಾರು?”

ಮರಾಠಿಗೆ ತರುವಾಗ ಈ ಮಾತನ್ನು ನಾನು ಬಿಟ್ಟೆ. ಬೇಕಂತಲೇ ಬಿಟ್ಟೆ. ಅದು ಊರಿಗೆ ಹೇಳುವ ಮಾತಲ್ಲ ಎನ್ನಿಸಿತು. ಅಕ್ಷರದಲ್ಲಿ ಬಿಟ್ಟರೇನು, ದನಿಯಲ್ಲಿ ಇದ್ದೇ ಇತ್ತು.

ಮರಾಠಿ ಜನ ಆ ಸುದ್ದಿ ನೋಡಿ ಅಯ್ಯೋ ಪಾಪ ಎಂದು ಮುಂದಿನ ಗಟಾರದ ಸುದ್ದಿಗೆ ಹೋದರು. ಬಿಡದೆ ಹಿಡಿದುಕೊಂಡವರು ಕನ್ನಡದವರೇ. ಪುಣೆಯ ಟಿ.ವಿ.ಯಲ್ಲಿ ಕನ್ನಡದ ದನಿ ಎಂಬ ಹೆಮ್ಮೆಗೇ ಅದನ್ನು ಫೋನಿನಿಂದ ಫೋನಿಗೆ ದಾಟಿಸಿದರು. ರೊಟ್ಟಿ ತಿಂದ ಹುಡುಗರಿಗೆ ಆ ದನಿ ಗುರುತು ಸಿಗದಿರುತ್ತದೆಯೇ? “ಇದು ನಮ್ಮ ರೊಟ್ಟಿ ಎವ್ವ” ಎಂದು ಒಬ್ಬ ಪ್ರೀತಿಯಿಂದಲೇ ಬರೆದನಂತೆ. ಮರುದಿನ ಊಟದ ಹೊತ್ತಿಗೆ ಬೆಳಗಾವಿಯಿಂದ ಫೋನು ಬಂತು. ಗಂಡಿನ ಸೋದರಮಾವ ಮರ್ಯಾದೆಯಿಂದಲೇ ಮಾತಾಡಿದ. “ಮೊದಲ ಹೇಳಿದ್ರ ವಿಚಾರ ಮಾಡತಿದ್ವಿ ನೋಡ್ರಿ” ಎಂದ. ಹೇಳಿದ್ದರೂ ಅವರೇನೂ ವಿಚಾರ ಮಾಡುತ್ತಿರಲಿಲ್ಲ. ಶೀತಲ್ ಅವ್ವನೊಡನೆ ಮಾತು ಬಿಟ್ಟಳು.

ನೀತಾಳಿಗೂ ಆ ತುಣುಕು ಬಂದಿತ್ತು. ನಾನು ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾಗವ್ವ ಹಂಚಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು, ರೊಟ್ಟಿ ಸೀಯುತ್ತಿದ್ದರೂ ತಿರುವಲಿಲ್ಲ.

“ಅವ್ವಾ, ರೊಟ್ಟಿ ಹೊತ್ತತದ ನೋಡು” ಎಂದಳು ನೀತಾ. ಆಮೇಲೆ ಕೈ ನಿಲ್ಲಿಸದೆ, “ನೀ ದೇವರಿಗೆ ಕೇಳಿದ್ದ ತಪ್ಪಲ್ಲ. ನಾನೂ ಅದನ್ನ ಕೇಳತೇನಿ” ಎಂದಳು. “ಆದ್ರ ಮಾರಿ ಯಾಕ ಮುಚ್ಚಿಕೊಂಡಿ? ನಾ ಏನ್ ಕಳವು ಮಾಡೇನಿ?”

ನಾಗವ್ವ ಹಂಚು ಬಿಟ್ಟು ಎದ್ದು ಮಗಳನ್ನು ತಬ್ಬಿಕೊಂಡು ಅತ್ತಳು. ನಾನು ಒಲೆ ಆರಿಸಿದೆ.

ಮುಂದಿನ ವಾರ ನೀತಾ ತಾನೇ ಸಾಯಲಿಗೆ ಫೋನು ಮಾಡಿ, ನನ್ನನ್ನು ಜೊತೆಗೆ ಕರೆದುಕೊಂಡು ಹೋದಳು. ಇದ್ದುದರಲ್ಲಿ ಒಳ್ಳೆಯ ಡ್ರೆಸ್ ಹಾಕಿಕೊಂಡು, ಮುಖ ತೆರೆದು, ಹೆಸರು ಹೇಳಿ, ಮರಾಠಿಯಲ್ಲಿ ಮಾತಾಡಿದಳು. ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಳೆ ತಂದದ್ದನ್ನು ಹೇಳಿದಳು. “ನನಗೆ ಮತ್ತೊಮ್ಮೆ ಒಬ್ಬಳೇ ಬಸ್ಸು ಹತ್ತಬೇಕಾಗಿದೆ. ಅಷ್ಟಕ್ಕೆ ಈ ಎಣ್ಣೆ ಬೇಕು” ಎಂದಳು. ಅದಕ್ಕಿಂತ ನೇರವಾದ ಮಾತನ್ನು ಆ ಚಾನೆಲ್ಲಿನಲ್ಲಿ ನಾನು ಕೇಳಿಲ್ಲ. ಈ ಸಲ ಸುದ್ದಿ ಗಟಾರದಲ್ಲಿ ಮುಳುಗಲಿಲ್ಲ. ಒಂದು ಸ್ಥಳೀಯ ಪತ್ರಿಕೆ ಅವಳ ಫೋಟೋ ಹಾಕಿತು. ಇಂಥದೇ ಮಕ್ಕಳಿರುವ ತಾಯಂದಿರು ಫೋನು ಮಾಡಿದರು. ಮಂದಾರ ವೈದ್ಯರು ಚಾನೆಲ್ಲಿಗೆ ಬಂದು ಕೂತು, ಔಷಧ ಯಾವುದು ನಶೆ ಯಾವುದು ಎಂದು ಬಿಡಿಸಿ ಹೇಳಿದರು. ಶೀತಲ್ ಅಕ್ಕನ ಫೋಟೋ ಕತ್ತರಿಸಿ ಕಪಾಟಿಗೆ ಅಂಟಿಸಿದಳು, ಅವ್ವನಿಗೆ ಚಹ ಮಾಡಿ ಕೊಟ್ಟಳು. ಸರಬರಾಜಿನವರು ಎಣ್ಣೆ ಕಳಿಸಲು ಒಪ್ಪಿದ್ದಾರೆ, ಇನ್ನೇನು ಬರುತ್ತದೆ ಎಂದು ಶ್ಯಾಮ ಹೇಳಿದ.

ಇನ್ನೇನು ಬರುತ್ತದೆ ಎನ್ನುತ್ತಿರುವಾಗಲೇ ಒಂದು ಬೆಳಿಗ್ಗೆ ಗೋಡೆಯಾಚೆ ಸದ್ದು ಶುರುವಾಗಲಿಲ್ಲ. ನಡುವೆ ನಿಂತರೆ ಓಡುವುದು ನನಗೆ ಗೊತ್ತಿತ್ತು. ಶುರುವೇ ಆಗದಿದ್ದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಹಾಗೇ ಕೂತೆ. ಶೀತಲ್ ಬಂದು ಬಾಗಿಲು ಬಡಿದಾಗ ಎದ್ದೆ. ನೀತಾ ನಿದ್ದೆಯಲ್ಲೇ ಹೋಗಿದ್ದಳು. ಮಗ್ಗುಲಲ್ಲೇ ಮಲಗಿದ್ದ ತಾಯಿಗೆ ಎಚ್ಚರವಾಗಿರಲಿಲ್ಲ. ಹಿಡಿಯಲು ಇದ್ದವಳು ಇದ್ದಳು, ಹಿಡಿಯುವಷ್ಟು ಹೊತ್ತನ್ನು ಆ ಕೂಸು ಕೊಡಲಿಲ್ಲ. ಎಣ್ಣೆ ಇದ್ದಿದ್ದರೆ ಉಳಿಯುತ್ತಿದ್ದಳೇ ಎಂದು ವೈದ್ಯರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಅವರು ಸುಳ್ಳು ಹೇಳುವವರಲ್ಲ, ಆದರೆ ಅಂದು ಒಂದು ಸುಳ್ಳು ಹೇಳಬಹುದಾಗಿತ್ತು.

ಮಣ್ಣು ಮಾಡಿ ಬಂದ ವಾರದಲ್ಲೇ ಶ್ಯಾಮನ ಅಂಗಡಿಗೆ ಎಣ್ಣೆ ಬಂತು. ನೀತಾಳ ಹೆಸರಿನಲ್ಲಿ ಒಂದು ಸೀಸೆ ತೆಗೆದಿಟ್ಟಿದ್ದ. ವಿಷಯ ತಿಳಿಯದೆ ಫೋನು ಮಾಡಿದ. ನಾಗವ್ವ ನನ್ನ ಜೊತೆ ಹೋಗಿ ಆ ಸೀಸೆಯನ್ನು ನೋಡಿದಳು, ಮುಟ್ಟಲಿಲ್ಲ. ದೂರದ ಭೋರ ಎಂಬ ಊರಿನಿಂದ ಬಂದ ಒಬ್ಬ ಹೆಣ್ಣುಮಗಳು ವೈದ್ಯರ ಚೀಟಿ ಹಿಡಿದು ಅಲ್ಲಿ ನಿಂತಿದ್ದಳು. ಟಿ.ವಿ.ಯಲ್ಲಿ ಆ ಹುಡುಗಿಯ ಮಾತು ಕೇಳಿ ಬಂದೆ ಎಂದಳು. ಆ ಹುಡುಗಿ ಹೇಗಿದ್ದಾಳೆ ಎಂದು ವಿಚಾರಿಸಿದಳು. “ಚೆನ್ನಾಗಿದ್ದಾಳೆ” ಎಂದು ನಾಗವ್ವ ಮರಾಠಿಯಲ್ಲಿ ಹೇಳಿ ಹೊರಗೆ ಬಂದಳು. ರಸ್ತೆ ದಾಟುವತನಕ ನನ್ನ ಕೈ ಬಿಡಲಿಲ್ಲ.

ತಿಂಗಳಾದ ಮೇಲೆ ಸಾಯಲಿ ಮನೆಗೆ ಬಂದಳು. ಒಂದೆರಡು ಅಂಗಡಿಗಳಲ್ಲಿ ಸಿಗುತ್ತಿದೆ, ಆದರೆ ಮತ್ತೆ ಯಾವಾಗ ನಿಲ್ಲುತ್ತದೋ ಹೇಳಲಾಗದು, ನೀವು ಮಾತಾಡಿದರೆ ಜನ ಮರೆಯುವುದಿಲ್ಲ ಎಂದಳು. ಹುಡುಗಿಗೆ ಸಂಕೋಚವಿತ್ತು, ಕೇಳಲೇಬೇಕಿತ್ತು, ಕೇಳಿದಳು. ನಾಗವ್ವ ಎದ್ದು ಮುಖ ತೊಳೆದು, ಹಸಿರು ಬಳೆ ಸರಿಮಾಡಿಕೊಂಡು, ರೊಟ್ಟಿಯ ಹಂಚಿನ ಪಕ್ಕದಲ್ಲೇ ಕೂತಳು. ಈಗ ಬಡಿಯುವುದೂ ಅವಳೇ, ಬೇಯಿಸುವುದೂ ಅವಳೇ. ಸೆರಗು ಭುಜದ ಮೇಲಿತ್ತು. ತನ್ನ ಹೆಸರು, ಮಗಳ ಹೆಸರು ಹೇಳಿ, ನಡೆದದ್ದನ್ನೆಲ್ಲ ಮರಾಠಿಯಲ್ಲಿ ತಡವರಿಸದೆ ಹೇಳಿದಳು. ಬೇರೆಯವರ ಮಕ್ಕಳಿಗೆ ಹೀಗೆ ಕಾಯುವ ಹಣೆಬರಹ ಬೇಡ ಎಂದಳು. ಎಲ್ಲಿಯೂ ಅಳಲಿಲ್ಲ.

ಕ್ಯಾಮೆರಾ ತೆಗೆಯುವ ಮುಂಚೆ ಸಾಯಲಿ ಮತ್ತೊಂದು ಕೇಳಿದಳು. ನೀವು ಮೊದಲ ಸಲ ಕನ್ನಡದಲ್ಲಿ ಹೇಳಿದ್ದನ್ನು ನಿಮ್ಮ ಜನ ತುಂಬಾ ನೋಡಿದರು, ಅವರಿಗಾಗಿ ಕನ್ನಡದಲ್ಲೂ ಎರಡು ಮಾತು ಹೇಳುತ್ತೀರಾ?

ನಾಗವ್ವ ನನ್ನ ಕಡೆ ತಿರುಗಿದಳು.

“ಕನ್ನಡದಾಗ ಬ್ಯಾಡಂತ ಹೇಳ್ರಿ ಬಾಯಾರ. ಮರಾಠಿಯೊಳಗ ಎಷ್ಟ ಬೇಕಾದ್ರೂ ಕೇಳತೇನಿ. ಕನ್ನಡದಾಗ ಕೇಳಿದ್ದನ್ನ ದೇವರು ಕೊಟ್ಟ ಬಿಡತಾನ.”

ಏನಂದರು ಎಂದು ಸಾಯಲಿ ನನ್ನನ್ನು ಕೇಳಿದಳು. ಮರಾಠಿಯಲ್ಲೇ ಸಾಕಂತೆ ಎಂದೆ.