ಉರಿಯದ ಮೊಣಕೈ

ಬಂದೂಕಿನ ಪಟ್ಟಿ ಬಿಗಿದು ನನ್ನ ಸೊಸೆಯ ಕೈ ಸತ್ತಿತು ಅಂತ ನಮ್ಮ ಚಾಳಿನಲ್ಲಿ ಮೂರು ವರ್ಷ ಎಲ್ಲರೂ ಹೇಳಿದರು. ಸುಳ್ಳು. ಅವಳಿಗೆ ಬಂದದ್ದು ಕುಷ್ಠ. ಬಂದೂಕು ಏನೂ ಮಾಡಲಿಲ್ಲ. ರೋಗವನ್ನು ಹಿಡಿದು ನಮಗೆ ತೋರಿಸಿತು, ಅಷ್ಟೇ.

ಸುಮಿತ್ರಾ ನನ್ನ ಮಗ ಬಸವರಾಜನ ಹೆಂಡತಿ. ಧಾರವಾಡದಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು. ಮದುವೆಯಾಗಿ ಸಯನ್‌ನ ನಮ್ಮ ಒಂದೇ ಕೋಣೆಗೆ ಬಂದಳು. ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆದಳು. ಮೊಮ್ಮಗಳು ಗೌರಿ ಮೊಲೆ ಬಿಟ್ಟ ಮೇಲೆ, ಭಾನುವಾರಕ್ಕೊಮ್ಮೆ ಆಫೀಸಿನವರ ಜೊತೆ ರೈಫಲ್ ಕ್ಲಬ್ಬಿಗೆ ಹೊರಟಳು. ನನಗೆ ಅದು ಸೇರುತ್ತಿರಲಿಲ್ಲ. ಈ ಆಟದಲ್ಲಿ ಬೋರಲು ಮಲಗಬೇಕು. ಎರಡೂ ಮೊಣಕೈಯನ್ನು ತೆಂಗಿನ ನಾರಿನ ಚಾಪೆಗೆ ಊರಬೇಕು. ಎಡ ಮೇಲ್ತೋಳಿಗೆ ಚರ್ಮದ ಪಟ್ಟಿ ಬಿಗಿದು, ಅದರ ಇನ್ನೊಂದು ತುದಿಯನ್ನು ರೈಫಲಿಗೆ ಸಿಕ್ಕಿಸಬೇಕು. ದೂರದಲ್ಲಿ ಒಂದು ಕಾರ್ಡು, ಕಾರ್ಡಿನಲ್ಲಿ ಒಂದು ಕಪ್ಪು ಚುಕ್ಕೆ. ಮಲಗುವುದಕ್ಕೆ ಲೋಕಲ್ ಹಿಡಿದು, ಬಸ್ ಹಿಡಿದು ಅಷ್ಟು ದೂರ ಹೋಗಬೇಕೇನು, ಮನೆಯಲ್ಲಿ ಚಾಪೆ ಇಲ್ಲವೇ ಅಂತ ನಾನು ಕೇಳುತ್ತಿದ್ದೆ. ನಗುತ್ತಿದ್ದಳು, ಹೋಗುತ್ತಿದ್ದಳು.

ಯುದ್ಧದ ದಿನಗಳಲ್ಲಿ ಬೆಳಕು ಹೊರಗೆ ಕಾಣದಿರಲಿ ಅಂತ ಕಿಟಕಿಗೆ ಹಚ್ಚಿದ ಕಪ್ಪು ಕಾಗದವನ್ನು ಇನ್ನೂ ಪೂರ್ತಿ ಕಿತ್ತಿರಲಿಲ್ಲ. ಅಂಥ ಒಂದು ಭಾನುವಾರ ಸಂಜೆ ಆ ಆಟಕ್ಕೆ ಅವಳು ಹಾಕುವ ಕ್ಯಾನ್ವಾಸ್ ಕೋಟಿನ ಎಡತೋಳಿನ ಒಳಗೆ ರಕ್ತ ಕಂಡೆ. ಎರಡೂ ಮೊಣಕೈ ತರಚಿದ್ದವು. ಟಿಂಚರ್ ತಂದು ಬಲಗಡೆ ಹಚ್ಚಿದೆ. ಹಲ್ಲು ಕಚ್ಚಿ ಕೈ ಎಳೆದುಕೊಂಡಳು. ಎಡಗಡೆ ಗಾಯ ದೊಡ್ಡದಿತ್ತು, ಚರ್ಮ ಎದ್ದು ಒಳಗಿನ ಕೆಂಪು ಕಾಣುತ್ತಿತ್ತು. ಹಚ್ಚಿದೆ. ಅವಳು ಗೌರಿಯ ಜಡೆ ಬಿಚ್ಚುತ್ತ ಸುಮ್ಮನೆ ಕೂತಿದ್ದಳು.

"ಉರಿಯಂಗಿಲ್ಲೇನ?" ಅಂದೆ.

"ಇಲ್ಲತ್ತೀ. ಆ ಕೈ ಜೋಮು ಹಿಡದೈತಿ. ಪಟ್ಟಿ ಬಿಗಿ ಆಗಿತ್ತು."

ಪಟ್ಟಿ ಬಿಗಿಯಾದರೆ ಜೋಮು ಹಿಡಿಯುವುದು ಸುಳ್ಳಲ್ಲ. ಆ ಆಟ ಆಡುವವರಿಗೆಲ್ಲ ಹಿಡಿಯುತ್ತದಂತೆ, ಬಿಚ್ಚಿದರೆ ಬಿಡುತ್ತದಂತೆ. ಕ್ಲಬ್ಬಿನಲ್ಲಿ ಕಲಿಸುವವರು ಮಿಲಿಟರಿಯಿಂದ ರಿಟೈರ್ ಆದ ಒಬ್ಬ ಸುಭೇದಾರರು. ಅವರೂ ಅದನ್ನೇ ಹೇಳಿ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿದರು. ಆಮೇಲೆ ಇನ್ನೊಂದು ತೂತು. ಜೋಮು ಬಿಡಲಿಲ್ಲ. ನೋವಿಲ್ಲದ ಕೈ ಗುರಿಗೆ ಒಳ್ಳೆಯದೇ ಆಯಿತು ಅಂತ ಸುಮಿತ್ರಾ ಅಂದುಕೊಂಡಳು. ಉಳಿದವರು ಮೊಣಕೈ ಎತ್ತಿ ಎತ್ತಿ ಊರುವಾಗ ಇವಳು ಅಲುಗದೆ ಮಲಗಿರುತ್ತಿದ್ದಳಂತೆ. ಆ ತಿಂಗಳುಗಳಲ್ಲಿ ಅವಳ ಕಾರ್ಡುಗಳು ಎಲ್ಲರಿಗಿಂತ ಮೇಲೆ ಬಂದವು. ಆದರೆ ಆಫೀಸಿನಲ್ಲಿ ಎಡ ಕಿರುಬೆರಳು ಒತ್ತಬೇಕಾದ ಅಕ್ಷರ ಬೀಳುತ್ತಿರಲಿಲ್ಲ. ಸಾಹೇಬರು ಕಾಗದ ವಾಪಸು ಕಳಿಸತೊಡಗಿದರು. ಆಗಲೂ ಅವಳು ಬೈದದ್ದು ಮಶೀನಿಗೆ.

ಒಂದು ಬೆಳಿಗ್ಗೆ ಅವಳು ಕಿಟಕಿಗೆ ಕೂತು ತಲೆ ಬಾಚುತ್ತಿದ್ದಳು. ಎಡ ಮೊಣಕೈಗಿಂತ ಸ್ವಲ್ಪ ಕೆಳಗೆ ಚರ್ಮದ ಬಣ್ಣ ಹೋಗಿತ್ತು. ರೊಟ್ಟಿಯ ಮೇಲೆ ಹಿಟ್ಟು ಉಳಿದ ಹಾಗೆ. ಊರಲ್ಲಿ ನಾನು ಅಂಥದ್ದು ನೋಡಿದ್ದೆ.

ಹೆಸರು ಹೇಳಲಿಲ್ಲ. ಆಸ್ಪತ್ರೆಗೆ ನಡಿ ಅಂದೆ.

ಓಪಿಡಿಯಲ್ಲಿ ಒಬ್ಬ ಮರಾಠಿ ಡಾಕ್ಟರ್‌ಬಾಯಿ ಇದ್ದರು. ಸುಮಿತ್ರಾಳಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿ ಮುಟ್ಟಿಸಿದಲ್ಲಿ ಬೆರಳಿಂದ ತೋರಿಸು ಅಂದರು. ಹಣೆಗೆ ಮುಟ್ಟಿಸಿದರು, ತೋರಿಸಿದಳು. ಬಲಗೈಗೆ ಮುಟ್ಟಿಸಿದರು, ತೋರಿಸಿದಳು. ಎಡ ಮೊಣಕೈಗೆ ಮುಟ್ಟಿಸಿದರು. ಅಷ್ಟು ದೂರದ ಚುಕ್ಕೆಗೆ ಗುಂಡು ಕೂರಿಸುವವಳು, ತನ್ನ ಮೈಮೇಲಿನ ಹತ್ತಿ ಎಲ್ಲಿದೆ ಅಂತ ತಿಳಿಯದೆ, ಬೆರಳು ಎತ್ತಿಕೊಂಡು ಕಾಯುತ್ತ ಕೂತಳು.

ಡಾಕ್ಟರ್ ಹತ್ತಿ ತೆಗೆದ ಮೇಲೂ ಕಾಯುತ್ತಿದ್ದಳು.

ಮೊಣಕೈ ಹಿಂದಿನ ನರ್ವ್ ಹಗ್ಗದ ಹಾಗೆ ದಪ್ಪ ಆಗಿತ್ತು. ನನ್ನ ಬೆರಳು ಹಿಡಿದು ಅದರ ಮೇಲೆ ಇಡಿಸಿದರು. ಡಾಕ್ಟರ್ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿದರು. ನಾನು ಮರಾಠಿಯಲ್ಲಿ ಕೇಳಿದೆ, ಕುಷ್ಠವೇ ಅಂತ. ಹೌದು ಅಂದರು. ಇದು ಹರಡುವ ಬಗೆಯದಲ್ಲ, ಟ್ಯಾಬ್ಲೆಟ್ ತಪ್ಪದೆ ತಿಂದರೆ ರೋಗ ಹೋಗುತ್ತದೆ, ಹೋದ ಸ್ಪರ್ಶ ಮಾತ್ರ ಬರುವುದು ಕಷ್ಟ ಅಂದರು. ಗೌರಿಯನ್ನೂ ನಮ್ಮೆಲ್ಲರನ್ನೂ ಕರೆಸಿ ನೋಡಿದರು. ಯಾರಿಗೂ ಇರಲಿಲ್ಲ.

ಅಳಬೇಕಿತ್ತೋ ಏನೋ. ಯಾರೂ ಅಳಲಿಲ್ಲ. ಮಾಟುಂಗಾ ಬಜಾರಿನಲ್ಲಿ ಇಳಿದು ಬದನೆಕಾಯಿ ಕೊಂಡು ಮನೆಗೆ ಬಂದೆವು.

ಬಸವರಾಜ ಮಿಲ್ಲಿನಲ್ಲಿ ಫಿಟ್ಟರ್. ಕೆಟ್ಟವನಲ್ಲ. ಹೆದರಿದವನು. ಬಾಗಿಲು ಹಾಕಿ ನಮ್ಮಿಬ್ಬರಿಗೂ ಹೇಳಿದ: ಈ ಹೆಸರು ಈ ಕೋಣೆಯ ಹೊರಗೆ ಹೋಗಬಾರದು, ಹೋದರೆ ಚಾಳಿನವರು ಕೋಣೆ ಬಿಡಿಸುತ್ತಾರೆ, ಆಫೀಸಿನವರು ಕೆಲಸ ಬಿಡಿಸುತ್ತಾರೆ. ಕೇಳಿದವರಿಗೆ ಏನು ಹೇಳುವುದು? ಬಂದೂಕಿನ ಪಟ್ಟಿ ಬಿಗಿದು ನರ ಸತ್ತಿತು ಅನ್ನುವುದು. ಮರುದಿನ ಕ್ಲಬ್ಬಿಗೆ ಹೋಗಿ ಸುಭೇದಾರರ ಮುಖದ ಮೇಲೆಯೇ ಅದನ್ನು ಅಂದು ಬಂದ. ನಮ್ಮ ಗ್ಯಾಲರಿಯ ಕೊನೆಯ ಕೋಣೆಯ ಕಮಲವ್ವ ನಮ್ಮ ಕಡೆಯವಳೇ, ಅವಳ ಮಗಳು ಸುಧಾ ಸುಮಿತ್ರಾಳ ಆಫೀಸಿನಲ್ಲೇ ಇದ್ದಳು, ಕ್ಲಬ್ಬಿಗೂ ಬರುತ್ತಿದ್ದಳು. ಹೀಗಾಗಿ ಬಸವರಾಜ ಇನ್ನೊಬ್ಬರಿಗೆ ಹೇಳುವ ಕೆಲಸವೇ ಬೀಳಲಿಲ್ಲ. ಸುಳ್ಳು ಎರಡು ದಿನದಲ್ಲಿ ಎಲ್ಲ ಮಾಳಿಗೆ ಹತ್ತಿ ಇಳಿಯಿತು.

ಕೋಟು ಟ್ರಂಕಿಗೆ ಹೋಯಿತು. ಕೈ ಕೊಂದ ಆಟಕ್ಕೆ ಯಾರಾದರೂ ಮತ್ತೆ ಹೋಗುತ್ತಾರೆಯೇ? ಸುಳ್ಳು ಕೆಲಸ ಕಾಯ್ದಿತು, ಕೋಣೆ ಕಾಯ್ದಿತು, ಅವಳ ರೈಫಲನ್ನು ತಿಂದು ಹಾಕಿತು. ಇದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಒಳ್ಳೆಯದೇ ಆಯಿತು ಅನ್ನುತ್ತಿದ್ದೆ.

ಮುಂದಿನ ದಿನಗಳು ಒಂದರ ಹಾಗೆ ಒಂದು. ಟ್ಯಾಬ್ಲೆಟ್ ತಿಂದು ರಕ್ತ ಕಡಿಮೆಯಾಗಿ ಬಿಳಿಚಿಕೊಂಡಳು. ಒಮ್ಮೆ ರೋಗ ಕೆರಳುವ ರಿಯಾಕ್ಷನ್ ಆಗಿ ಆ ನರ್ವ್ ಊದಿತು. ಮುಟ್ಟಿದರೆ ತಿಳಿಯದ ಕೈ ಒಳಗಿಂದ ಮಾತ್ರ ಉರಿಯಿತು. ಇದೆಂಥ ನ್ಯಾಯವೋ. ಬಸವರಾಜ ಅವಳ ತಾಟಿಗೆ ಮೊಳೆಯಿಂದ ಗೀರಿ ಗುರುತು ಮಾಡಿದ. ನಾನು ತಿಕ್ಕಿದ ಮೇಲೆ ಎಲ್ಲ ತಾಟನ್ನೂ ಒಂದರ ಮೇಲೊಂದು ಇಡುತ್ತಿದ್ದೆ, ಮೇಲೆ ಸಿಕ್ಕದ್ದರಲ್ಲಿ ಉಣ್ಣುತ್ತಿದ್ದೆ. ಅವನು ನೋಡುತ್ತಿದ್ದ. ದಿನಾ ಸಂಜೆ ಅವಳ ಬೆರಳಿಗೆ ಎಣ್ಣೆ ಹಚ್ಚಿ ನೀಟ ಮಾಡುವುದು, ಡೊಂಕಾಗದಂತೆ ಸ್ಪ್ಲಿಂಟ್ ಕಟ್ಟುವುದು, ಆಮೇಲೆ ಕೈ ಪೂರ್ತಿ ಬೆಳಕಿಗೆ ಹಿಡಿದು ಸುಟ್ಟಿದೆಯೋ ಕೊಯ್ದಿದೆಯೋ ನೋಡುವುದು, ಇಷ್ಟು ನನ್ನ ಕೆಲಸ. ನೋವು ಬಂದು ಹೇಳುವುದಿಲ್ಲ, ಕಣ್ಣು ಹೇಳಬೇಕು ಅಂತ ಡಾಕ್ಟರ್ ನನಗೇ ಒಪ್ಪಿಸಿದ್ದರು. ಕಿರುಬೆರಳು ಸ್ವಲ್ಪ ಡೊಂಕಾಗಿ ನಿಂತಿತು. ಮುಂದಕ್ಕೆ ಹೋಗಲಿಲ್ಲ.

ಹಾಗೆ ಮೂರು ವರ್ಷ. ಸುಮಿತ್ರಾ ಜಗಳವಾಡಲಿಲ್ಲ, ಹಾಡಲಿಲ್ಲ, ಗೌರಿಗೆ ಹೊಡೆಯಲೂ ಇಲ್ಲ. ಜೋಮು ಮೊಣಕೈಯಿಂದ ಮೇಲೆ ಹತ್ತಿದೆ ಅಂತ ನನಗೆ ಅನ್ನಿಸುತ್ತಿತ್ತು. ಅದಕ್ಕೆ ಟ್ಯಾಬ್ಲೆಟ್ ಇರಲಿಲ್ಲ.

ಟ್ಯಾಬ್ಲೆಟ್ ನಿಲ್ಲಿಸುವ ದಿನ ಡಾಕ್ಟರ್ ಕೇಳಿದರು, ಮೊದಲು ಮಾಡುತ್ತಿದ್ದು ಈಗ ಬಿಟ್ಟದ್ದು ಏನಾದರೂ ಇದೆಯಾ ಅಂತ. ರೈಫಲ್ ಅಂತ ನಾನು ಹೇಳಿದೆ. ಹೇಗೆ ಹಿಡಿಯುತ್ತೀ ತೋರಿಸು ಅಂದರು. ಸುಮಿತ್ರಾ ಸೆರಗು ಸಿಕ್ಕಿಸಿಕೊಂಡು ಓಪಿಡಿಯ ನೆಲದ ಮೇಲೆ ಬೋರಲು ಮಲಗಿದಳು. ಎಡ ಮೊಣಕೈ ಊರಿದಳು, ಇಲ್ಲದ ರೈಫಲಿಗೆ ಕೆನ್ನೆ ಕೊಟ್ಟಳು. ಅವಳು ಹಾಗೆ ಮಲಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಮೂರು ವರ್ಷದ ಮೇಲೆ ಆ ಮುಖದಲ್ಲಿ ಯಾರೋ ಇದ್ದದ್ದು ಕಂಡೆ.

ದಪ್ಪ ಪ್ಯಾಡ್ ಹಾಕಿ, ಪಟ್ಟಿಯನ್ನು ಆಗಾಗ ಬಿಚ್ಚಿ, ಯಾರಾದರೂ ಚರ್ಮ ನೋಡಬೇಕು, ನೋಡುವವರಿದ್ದರೆ ಹೋಗಲಿ ಅಂದರು ಡಾಕ್ಟರ್.

ಬಸವರಾಜ ಒಪ್ಪಲಿಲ್ಲ. "ಬಂದೂಕಿನಿಂದನ ಕೈ ಹೋತು ಅಂತ ನಾವs ಸಾರೇವಿ. ಈಗ ಮತ್ತ ಹೋದ್ರ ಮಂದಿ ಏನು ಕೇಳ್ತಾರ, ಅದನ್ನ ಹೇಳವ್ವಾ ನೀ" ಅಂದ.

ಹಳೆಯ ಕೌದಿಯ ಮೂಲೆ ಕತ್ತರಿಸಿ ಕೋಟಿನ ಎಡ ಮೊಣಕೈಗೆ ಹೊಲಿದೆ. ಭಾನುವಾರ ಅವಳ ಜೊತೆ ನಾನೂ ಲೋಕಲ್ ಹತ್ತಿದೆ.

ಸುಭೇದಾರರು ಮುದುಕರಾಗಿದ್ದರು. ಸುಮಿತ್ರಾಳನ್ನು ನೋಡಿ ಎದ್ದು ನಿಂತರು. ಅವಳು ರೈಫಲ್ ಕೇಳಿದಳು. ಅವರು ಕೊಡಲಿಲ್ಲ. ನನ್ನ ಪಟ್ಟಿಯಿಂದ ಒಂದು ಕೈ ಹೋಯಿತು, ಇನ್ನೊಮ್ಮೆ ಆ ಪಾಪ ಬೇಡ ಬೇಟಿ ಅಂದರು ಹಿಂದಿಯಲ್ಲಿ. ಆಚೆ ಮಲಗಿದ್ದ ಹುಡುಗಿಯರ ಪಟ್ಟಿಗಳೆಲ್ಲ ಜೋತಾಡುತ್ತಿದ್ದವು. ಮೂರು ವರ್ಷದಿಂದ ಅವರು ಯಾರ ತೋಳಿಗೂ ಪಟ್ಟಿ ಬಿಗಿದಿಲ್ಲವಂತೆ. ಸುಮಿತ್ರಾ ಗಂಡನಿಗೆ ಮಾತು ಕೊಟ್ಟಿದ್ದಳು. ಕೋಟನ್ನು ಮಡಿಸತೊಡಗಿದಳು.

ಮಡಿಸಿದರೆ ಮತ್ತೆ ಟ್ರಂಕು. ಅದು ನನಗೆ ತಿಳಿಯಿತು.

"ಪಟ್ಟಾ ನಹೀ ಸಾಬ್," ಅಂದೆ. "ಕೋಢ್ ಥಾ. ಅಬ್ ನಹೀ ಹೈ."

ಪಟ್ಟಿ ಅಲ್ಲ, ಕುಷ್ಠ ಇತ್ತು, ಈಗಿಲ್ಲ ಅನ್ನುವಷ್ಟೇ ನನ್ನ ಹಿಂದಿ. ಸಾಕಾಯಿತು. ಪಕ್ಕದ ಚಾಪೆಯ ಮೇಲೆ ಕಮಲವ್ವನ ಮಗಳು ಸುಧಾ ಇದ್ದಳು. ರೈಫಲ್ ಕೆಳಗಿಟ್ಟು ನಮ್ಮನ್ನೇ ನೋಡಿದಳು.

ಸುಭೇದಾರರು ಕರ್ಚೀಫಿನಿಂದ ಮುಖ ಒರೆಸಿಕೊಂಡು ಸುಮಿತ್ರಾಳ ಎಡಗೈ ತೆಗೆದುಕೊಂಡರು. ಡೊಂಕಾದ ಬೆರಳನ್ನು ತಿರುಗಿಸಿ ನೋಡಿದರು. ಈ ಕೈ ರೈಫಲನ್ನು ಹಿಡಿಯಬಾರದು, ಬರೀ ಅದರ ಭಾರ ಹೊರಬೇಕು, ಹಿಂದೆಯೂ ಹೇಳಿದ್ದೆ ಅಲ್ಲವೇ ಅಂತ ಬೈಯುವ ದನಿಯಲ್ಲಿ ಅಂದು ತೋಳಿಗೆ ಪಟ್ಟಿ ಬಿಗಿದರು.

ಗುಂಡುಗಳು ಚೆನ್ನಾಗಿ ಬೀಳಲಿಲ್ಲ. ಒಂದು ಕಾರ್ಡಿನ ಹೊರಗೇ ಹೋಯಿತು. ನಾನು ಮಧ್ಯೆ ಮಧ್ಯೆ ಪಟ್ಟಿ ಬಿಚ್ಚಿಸಿ, ತೋಳು ಸರಿಸಿ ನೋಡುತ್ತಿದ್ದೆ. ಮೂರನೇ ಸಲ ಹಸ್ತದ ಹಿಂದೆ ಹಾಯುವ ಪಟ್ಟಿಯ ಕೊಂಡಿ ತಾಗಿ ಅಲ್ಲಿನ ಚರ್ಮ ಕೆಂಪಾಗಿತ್ತು. ಸಾಕು ಅಂದೆ.

"ಇನ್ನೊಂದು ಕಾರ್ಡ್ ಅತ್ತೀ. ಏನೂ ಆಗೇ ಇಲ್ಲ ನನಗ."

"ನಿನಗೇನು ಗೊತ್ತು, ಕೈ ನನ್ನ ಕಣ್ಣಾಗೈತಿ. ಏಳು."

ಎದ್ದಳು. ಸಿಟ್ಟು ಬಂದಿತ್ತು ಅವಳಿಗೆ. ಸ್ಟೇಷನ್‌ವರೆಗೂ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಮೂರು ವರ್ಷದ ಮೇಲೆ ಸಿಟ್ಟು ಬಂದಿತ್ತು.

ಸುಧಾ ನಮಗಿಂತ ಮುಂಚೆ ಹೊರಟಿದ್ದಳು, ನಾವು ಮನೆ ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಗ್ಯಾಲರಿಯಲ್ಲಿ ಬಾಗಿಲುಗಳು ಮುಚ್ಚಿಕೊಂಡಿದ್ದವು. ಬಸವರಾಜ ಗೋಡೆಗೆ ಒರಗಿ ಕೂತಿದ್ದ.

"ನಿನಗ ಬಾಯಿ ಮ್ಯಾಲೆ ಹಿಡಿತ ಇಲ್ಲವ್ವಾ" ಅಂದ.

"ಇತ್ತು. ಮೂರು ವರ್ಷ ಇತ್ತು," ಅಂದೆ. "ಆ ಮುದುಕ ನಮ್ಮ ಸುಳ್ಳನ್ನ ಹೊತ್ಕೊಂಡು ತಿರಗ್ಯಾನ. ಇನ್ನ ಹೊರೋದು ನಮ್ಮ ಪಾಳಿ."

ಅವನು ಉಣ್ಣಲಿಲ್ಲ. ನಾವು ಉಂಡೆವು.

ಮರುದಿನ ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ಹೋದೆ. ದಿನದ ಹಾಗೆ ಸಾಲು ಇತ್ತು. ನಾನು ಬಂದದ್ದು ನೋಡಿ ಸಾಲು ಸರಿಯಿತು. ಎಲ್ಲರೂ ಕೊಡಗಳನ್ನು ಎತ್ತಿಕೊಂಡು ಗೋಡೆಗೆ ಹೋಗಿ ನಿಂತರು. ನಲ್ಲಿ ಸುರಿಯುತ್ತಿತ್ತು, ಅದರ ಕೆಳಗೆ ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಜಗಳವಿಲ್ಲದೆ ನನಗೆ ನೀರು ಸಿಕ್ಕಿದ್ದು ಅಂದೇ. ಬಿಡಲೇಕೆ? ಕೊಡ ತುಂಬಿದೆ. ಮನೆಗೆ ಹೋಗಿ ಇನ್ನೊಂದು ತಂದು ತುಂಬಿದೆ. ಬಕೆಟ್ ತಂದೆ. ಹಂಡೆ ತಂದೆ. ಅವರು ಗೋಡೆಗೆ ನಿಂತು ನೋಡುತ್ತಲೇ ಇದ್ದರು. ನೀರು ನಿಲ್ಲುವ ಹೊತ್ತಾಗುತ್ತಿತ್ತು.

ನಾನು ಗೌರಿಯ ತಂಬಿಗೆಯನ್ನೂ ತಂದು ಹಿಡಿದಾಗ ಕಮಲವ್ವ ತಡೆದುಕೊಳ್ಳದಾದಳು. ಸೊಂಟದ ಮೇಲಿನ ಕೊಡವನ್ನು ನನ್ನ ತಂಬಿಗೆಯ ಪಕ್ಕ ದಢಕ್ಕನೆ ಇಟ್ಟಳು.

"ನಿನ್ನ ಸೊಸಿ ಕೈಗೆ ಏನರ ಆಗಿರಲಿ. ಊರ ನೀರೆಲ್ಲ ನೀ ಒಬ್ಬಾಕೀನ ಹೊರತೀಯೇನ? ಸರಿ ಆಚೆ."

ಸರಿದೆ. ಅವಳ ಹಿಂದೆ ಇನ್ನೊಬ್ಬಳು ಬಂದಳು. ಉಳಿದವರು ಗೋಡೆ ಬಿಡಲಿಲ್ಲ. ನಾನು ತಂಬಿಗೆ ತೆಗೆದುಕೊಂಡು ಮನೆಗೆ ಬಂದೆ. ಸುಮಿತ್ರಾಳನ್ನು ಕಿಟಕಿಗೆ ಕೂರಿಸಿ ಎಡಗೈ ಬೆಳಕಿಗೆ ಹಿಡಿದೆ. ಹಸ್ತದ ಕೆಂಪು ಇಳಿದಿತ್ತು. ಮೊಣಕೈಗೆ ಏನೂ ಆಗಿರಲಿಲ್ಲ. ಅವಳು ಆಫೀಸಿಗೆ ಹೋದ ಮೇಲೆ ಕೋಟು ತೆಗೆದು, ಕೊಂಡಿ ತಾಗುವ ಹಸ್ತದ ಹಿಂಬದಿ ಮುಚ್ಚುವಷ್ಟು ಕೌದಿಯ ಇನ್ನೊಂದು ಮೂಲೆ ಕತ್ತರಿಸಿ, ಎಡತೋಳಿನ ತುದಿಗೆ ಹೊಲಿಯಲು ಕೂತೆ.