ಯಾತ್ರೆಯ ಗುರುಸಿದ್ದಮ್ಮ

ದಂಡಿನಶಿವರದ ಗುರುಸಿದ್ದಮ್ಮ ಗಂಡ ತೀರಿಕೊಂಡ ಮರುವರ್ಷವೇ ಯಾತ್ರೆಯ ಬಸ್ಸು ಹತ್ತಿದವರು, ಆಮೇಲೆ ಒಂದು ವರ್ಷವೂ ತಪ್ಪಿಸಲಿಲ್ಲ. ಊರಿಗೆ ಬಂದ ಮಾರನೆಯ ದಿನವೇ ಕೊಬ್ಬರಿ ಒಡೆಯುವ ಹೆಂಗಸರ ನಡುವೆ ಕೂತು ಹರಿದ್ವಾರ, ಕೇದಾರ, ಕಾಠ್ಮಂಡುವಿನ ಫೋಟೊ ಹರಡುವರು. 'ಗಂಗೇಲಿ ಮುಳುಗೋವಾಗ ದಡಕ್ಕೆ ಕಟ್ಟಿರೋ ಸರಪಳಿ ಬುಡಬ್ಯಾಡಿ ಕಣ್ರೇ, ಚಟ್ನಿಪುಡಿ ಮರೀಬ್ಯಾಡಿ' ಎಂದು ಬುದ್ಧಿ ಹೇಳುವರು. ಅವರ ಬಾಯಲ್ಲಿ ಹಿಮಾಲಯ ವರ್ಷಕ್ಕೊಂದು ತೆಂಗಿನಮರದಷ್ಟು ಬೆಳೆಯುತ್ತಿತ್ತು. ಮೈದುನ ರೇವಣಸಿದ್ದಯ್ಯ, 'ಗಂಡ ಇಲ್ಲದೋರಿಗೆ ತಿರುಗಾಟ ಯಾಕೆ? ಸಾಕು ಬುಡಿ ಅತ್ತಿಗೆ' ಎಂದು ಗದರಿದರೆ, 'ಮುಂದಿನ ಸಲ ಪಕ್ಕದ್ಮನೆ ತಿಮ್ಮಕ್ಕನ್ನೂ ಕರ್ಕೊಂಡು ಹೋಯ್ತೀನಿ ಕಣಪ್ಪ' ಎನ್ನುವರು. ಒಂದು ದಿನ ಆ ತಿಮ್ಮಕ್ಕ ಕಾಠ್ಮಂಡುವಿನ ಫೋಟೊ ಕೈಗೆತ್ತಿಕೊಂಡಳು. ಅದರಲ್ಲಿ ಗುರುಸಿದ್ದಮ್ಮ ಬಾಯ್ತುಂಬ ನಗುತ್ತಿದ್ದರು. 'ನಿಮ್ಮ ಯಜಮಾನ್ರು ಇದ್ದಾಗ ನಿಮ್ಮ ಹಲ್ಲನ್ನ ಒಂದಿನಾನೂ ನೋಡಿರ್ಲಿಲ್ಲ ಕಣಕ್ಕ' ಎಂದಳು. ಗುರುಸಿದ್ದಮ್ಮ ತಿಪಟೂರಿಗೆ ಹೋಗಿ ಆ ಫೋಟೊಗೆ ಕಟ್ಟು ಹಾಕಿಸಿ ತಂದು, ಮೈದುನ ದಿನವೂ ಊಟಕ್ಕೆ ಕೂರುವ ನಡುಮನೆಯಲ್ಲಿ ಅವನ ಎದುರಿಗೇ ತೂಗುಹಾಕಿದರು.